ನೂರಡಿ ಡಬ್ಬಿಯ ಲೆಕ್ಕ

ಸ್ಟಿಲ್ ಕ್ಯಾಮೆರಾಕ್ಕೆ ಸಿನಿಮಾ ಫಿಲ್ಮು ತುಂಬುವವರನ್ನು ಕೆಲವರು ಜುಗ್ಗರೆನ್ನುತ್ತಾರೆ, ಕೆಲವರು ಶೋಕಿಯವರೆನ್ನುತ್ತಾರೆ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ 35 ಎಂಎಂ ಕ್ಯಾಮೆರಾ ಹುಟ್ಟಿದ್ದೇ ಸಿನಿಮಾ ಫಿಲ್ಮಿನ ಮೇಲೆ. ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ ಲೈಟ್ಸ್ ಕಂಪನಿಯ ಆಸ್ಕರ್ ಬರ್ನಾಕ್, 18×24 ಮಿ.ಮೀ.ನ ಸಿನಿಮಾ ಚೌಕಟ್ಟನ್ನು ಇಮ್ಮಡಿ ಮಾಡಿ, ಫಿಲ್ಮನ್ನು ಅಡ್ಡಡ್ಡ ಓಡಿಸಿದ. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂದಾಗ ಅದರ ಒಡೆಯರು ಕತ್ತಲಲ್ಲಿ ಫಿಲ್ಮು ಕತ್ತರಿಸಿ ತಾವೇ ತುಂಬಿಕೊಳ್ಳುತ್ತಿದ್ದರು. ಇವತ್ತಿನ ಸಿದ್ಧ ಕ್ಯಾಸೆಟ್ ಬಂದದ್ದು 1934ರಲ್ಲಿ, ಕೊಡಾಕ್ ರೆಟಿನಾ ಜೊತೆಗೆ. ನಮ್ಮಲ್ಲೂ ಆಮದು ಫಿಲ್ಮು ಸಿಗದ ಕಾಲದಲ್ಲಿ, ಶೂಟಿಂಗಿನಲ್ಲಿ ಉಳಿದ ತುಂಡು ರೀಲುಗಳು ಸ್ಟಿಲ್ ಫೋಟೋಗ್ರಾಫರುಗಳ ಕೈ ಸೇರುತ್ತಿದ್ದವು.

ಒಂದು ಡಬ್ಬಿಯಲ್ಲಿರುವ ನೂರಡಿ ಸಿನಿಮಾ ಫಿಲ್ಮು ಎಂದರೆ ಸುಮಾರು 30.5 ಮೀಟರ್, 36 ಚಿತ್ರದ 18 ರೋಲು ಬರುತ್ತವೆ. ದುಡ್ಡು ಉಳಿಯುತ್ತದೆ, ನಿಜ. ನನ್ನ ಲೆಕ್ಕದಲ್ಲಿ ದೊಡ್ಡ ಲಾಭ ಬೇರೆಯದೇ. ಒಂದು ಲೆನ್ಸ್ ಪರೀಕ್ಷಿಸಬೇಕಾದರೆ ಹನ್ನೆರಡೇ ಚಿತ್ರದಷ್ಟು ಸುತ್ತಿಕೊಳ್ಳಬಹುದು. ಡಬ್ಬಿಯಲ್ಲಿರುವುದೆಲ್ಲ ಒಂದೇ ಬ್ಯಾಚು; ಡೆವಲಪರಿನ ಸಮಯ ಒಮ್ಮೆ ಕುದುರಿತೆಂದರೆ ಡಬ್ಬಿ ಖಾಲಿಯಾಗುವವರೆಗೆ ನಿಶ್ಚಿಂತೆ.

ಕ್ಯಾಸೆಟ್ಟಿಗೆ ಫಿಲ್ಮು ಸುತ್ತಿಕೊಡುವ ಪೆಟ್ಟಿಗೆಯೇ ಲೋಡರು. ಅದಕ್ಕೆ ಡಬ್ಬಿಯ ಫಿಲ್ಮು ಇಳಿಸುವ ಕೆಲಸ ಮಾತ್ರ ಪೂರ್ತಿ ಕತ್ತಲಲ್ಲಿ, ಇಲ್ಲವೇ ತೋಳಿರುವ ಕಪ್ಪು ಚೀಲದಲ್ಲಿ ಆಗಬೇಕು. ಆಮೇಲಿನದ್ದೆಲ್ಲ ಬೆಳಕಲ್ಲೇ. ಲೋಡರಿನಿಂದ ಹೊರಗೆ ಇಣುಕುವ ತುದಿಯನ್ನು ಕ್ಯಾಸೆಟ್ಟಿನ ಸ್ಪೂಲಿಗೆ ಟೇಪಿನಿಂದ ಅಂಟಿಸಿ, ಚಿಪ್ಪು ಹಾಕಿ, ಮುಚ್ಚಳ ಮುಚ್ಚಿ, ಹಿಡಿಕೆ ತಿರುಗಿಸಬೇಕು. ಟೇಪಿನ ವಿಷಯದಲ್ಲಿ ಜಿಪುಣತನ ಬೇಡ. ಕೊನೆಯ ಚಿತ್ರದ ಹೊತ್ತಿಗೆ ಫಿಲ್ಮು ಸ್ಪೂಲಿನಿಂದ ಕಿತ್ತುಬಂದರೆ ಮತ್ತೆ ಕತ್ತಲಕೋಣೆಯೇ ಗತಿ. ಅಂಟಿಸುವಾಗ ಬೆಳಕು ಕಂಡ ಆ ತುಂಡೇ ರೋಲಿನ ಕೊನೆ. ಹಾಗಾಗಿ ಗುಂಪು ಫೋಟೋವನ್ನು 36ನೆಯ ಚಿತ್ರಕ್ಕೆಂದು ಉಳಿಸಿಟ್ಟುಕೊಳ್ಳಬಾರದು. ಹಿಡಿಕೆಯನ್ನು ಭರಭರನೆ ತಿರುಗಿಸಲೂಬಾರದು. ಬೆಂಗಳೂರಿನ ಫೆಬ್ರುವರಿ-ಮಾರ್ಚಿನ ಒಣ ಹವೆಯಲ್ಲಿ ಫಿಲ್ಮು ಉಜ್ಜಿ ವಿದ್ಯುತ್ ಕಿಡಿ ಹಾರುತ್ತದೆ. ನೆಗೆಟಿವ್ ತೊಳೆದು ನೋಡಿದರೆ ಆಕಾಶದ ತುಂಬ ಕವಲೊಡೆದ ಮಿಂಚಿನ ಗೆರೆ. ಮಳೆಗಾಲದಲ್ಲಿ ಈ ಕಾಟ ಕಡಿಮೆ.

ಕೈಯಲ್ಲಿ ತುಂಬಿದ ಕ್ಯಾಸೆಟ್ಟಿಗೆ ಫಿಲ್ಮಿನ ವೇಗವನ್ನು ಕ್ಯಾಮೆರಾಕ್ಕೆ ತಿಳಿಸುವ ಡಿಎಕ್ಸ್ ಕೋಡ್ ಇರದಿದ್ದರೆ ಆಟೋ ಕ್ಯಾಮೆರಾಗಳಲ್ಲಿ ಬಹಳಷ್ಟು ಅದನ್ನು ಐಎಸ್‌ಒ 100 ಎಂದೇ ಭಾವಿಸುತ್ತವೆ. ಫಿಲ್ಮಿನ ಅಂಚಿನಲ್ಲಿ ಚಿತ್ರದ ಸಂಖ್ಯೆಯೂ ಇರುವುದಿಲ್ಲ. ಸಿನಿಮಾದವರಿಗೆ ಬೇಕಾದ್ದು ಅಡಿಯ ಲೆಕ್ಕ.

ಯಾವ ಫಿಲ್ಮು? ನನ್ನ ಮತ ಕೊಡಾಕಿನ ಡಬಲ್-ಎಕ್ಸ್ 5222ಕ್ಕೆ. 1959ರಿಂದ ಇರುವ ಕಪ್ಪು-ಬಿಳುಪು ಫಿಲ್ಮು; ‘ರೇಜಿಂಗ್ ಬುಲ್’, ‘ಶಿಂಡ್ಲರ್ಸ್ ಲಿಸ್ಟ್’ ಚಿತ್ರಗಳಲ್ಲಿ ಬಳಕೆಯಾದದ್ದು. ಹಗಲಲ್ಲಿ ಐಎಸ್‌ಒ 250, ಟಂಗ್‌ಸ್ಟನ್ ಬೆಳಕಲ್ಲಿ 200. ಡಿ-76 ಡೆವಲಪರಿನಲ್ಲಿ ಯಾವ ತಕರಾರೂ ಇಲ್ಲದೆ ತೊಳೆಯಬಹುದು. ಗ್ರೇನ್ ಕಾಣುತ್ತದೆ, ಕಾಣಲಿ. ಮುಖದ ಮೇಲಿನ ಬೆಳಕು ನೆರಳಿನೊಳಗೆ ಜಾರುವ ಪರಿ ಇದರಲ್ಲಿ ಬಲು ಸೊಗಸು.

ಈಗ ಎಲ್ಲರೂ ಬಿದ್ದಿರುವುದು ಕೊಡಾಕಿನದೇ ಬಣ್ಣದ ಫಿಲ್ಮು ವಿಷನ್3 500ಟಿಯ ಹಿಂದೆ. ಟಂಗ್‌ಸ್ಟನ್ ದೀಪಕ್ಕೆ ಹೊಂದಿಸಿದ ಫಿಲ್ಮಾದ್ದರಿಂದ ಹಗಲಲ್ಲಿ ನೀಲಿಗೆ ತಿರುಗುತ್ತದೆ. 85 ನಂಬರಿನ ಫಿಲ್ಟರು ಬೇಕು. ಅದಿರಲಿ, ನಿಜವಾದ ತೊಡಕು ಬೆನ್ನಿಗೆ ಬಳಿದ ರೆಮ್‌ಜೆಟ್ ಎಂಬ ಕಪ್ಪು ಇಂಗಾಲದ ಪದರ. ದೀಪದ ಬೆಳಕು ಫಿಲ್ಮಿನ ಹಿಂಬದಿಗೆ ತಾಗಿ ಮರಳದಂತೆ ಅದು ತಡೆಯುತ್ತದೆ. ಅದನ್ನು ಮೊದಲೇ ತೆಗೆದು ಮಾರುವ ಸಿನೆಸ್ಟಿಲ್ 800ಟಿಯಲ್ಲಿ ದೀಪಗಳ ಸುತ್ತ ಕೆಂಪು ಪ್ರಭೆ ಮೂಡುವುದು ಇದೇ ಕಾರಣಕ್ಕೆ. ಕೆಲವರಿಗೆ ಅದೇ ಇಷ್ಟ. ನನಗೆ ಎರಡನೇ ಚಿತ್ರಕ್ಕೇ ಸಾಕಾಗುತ್ತದೆ. ಮನೆಯಲ್ಲಿ ತೊಳೆಯುವವರು ಅಡುಗೆ ಸೋಡಾ ಬೆರೆಸಿದ ಬೆಚ್ಚನೆ ನೀರಲ್ಲಿ ನೆನೆಸಿ ಕುಲುಕಿದರೆ ಪದರ ಸಡಿಲಗೊಂಡು ನೀರು ಮಸಿಯಾಗುತ್ತದೆ. ಉಳಿದದ್ದನ್ನು ಕೊನೆಗೆ ಬೆರಳಿನಿಂದ ಒರೆಸಬೇಕು.

ಮಾಮೂಲಿ ಲ್ಯಾಬಿನಲ್ಲಿ ಬಣ್ಣದ ನೆಗೆಟಿವ್ ತೊಳೆಯುವ ಸಿ-41 ಯಂತ್ರದೊಳಗೆ ಅದೇ ಮಸಿ ಕಳಚಿಕೊಂಡರೆ ರಾಸಾಯನಿಕವೂ ಕೆಟ್ಟಿತು, ಹಿಂದೆ ಬರುವ ಇನ್ನೊಬ್ಬರ ಮದುವೆ ರೋಲೂ ಕೆಟ್ಟಿತು. ಕೊಡಾಕ್ ಈಚೆಗೆ ರೆಮ್‌ಜೆಟ್ ಇಲ್ಲದ ವಿಷನ್3 ತರತೊಡಗಿದೆ. ಆದರೆ ಹಳೇ ಸ್ಟಾಕು ಇನ್ನೂ ಕೈಬದಲಾಗುತ್ತಲೇ ಇದೆ. ಆದ್ದರಿಂದ ತುಂಬಿದ ಪ್ರತಿ ಕ್ಯಾಸೆಟ್ಟಿನ ಮೇಲೂ ಫಿಲ್ಮಿನ ಹೆಸರು ಬರೆದು ಅಂಟಿಸಿ. ಲ್ಯಾಬಿಗೆ ಕೊಡುವಾಗ ಇದು ಸಿನಿಮಾ ಫಿಲ್ಮು ಎಂದು ಬಾಯಿಬಿಟ್ಟು ಹೇಳಿ. ಅವರು ಒಲ್ಲೆನೆಂದರೆ ಒತ್ತಾಯಿಸದೆ ವಾಪಸ್ ತನ್ನಿ.