ಪಪೈರಸ್‌ನಲ್ಲಿ ಕನ್ನಡ: ಕ್ರಿಯಾಪದ ಒಪ್ಪುವುದಿಲ್ಲ

ನವೆಂಬರ್ ಬಂತೆಂದರೆ ಹೊಸಪೇಟೆ, ಕಂಪ್ಲಿ, ಸಂಡೂರಿನ ರಾಜ್ಯೋತ್ಸವ ವೇದಿಕೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಗ್ರೀಕ್ ನಾಟಕದಲ್ಲಿ ಕನ್ನಡ ಸಂಭಾಷಣೆಯಿದೆ, ಹಾಗಾಗಿ ನಮ್ಮ ನುಡಿಗೆ ಎರಡು ಸಾವಿರ ವರ್ಷದ ಬರವಣಿಗೆಯ ಸಾಕ್ಷಿ ಇದೆ. ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗರಿಗೂ ಇದು ಬಾಯಿಪಾಠ. ನಾನು ಇದನ್ನು ಒಪ್ಪಲಾರೆ. ಕನ್ನಡದ ವ್ಯಾಕರಣವೇ ಒಪ್ಪಲು ಬಿಡುವುದಿಲ್ಲ.

ನಾಟಕದ ಬಗ್ಗೆ ಮೊದಲು ಎರಡು ಮಾತು. ಆಕ್ಸಿರಿಂಕಸ್ ಎಂಬ ಹಳೆಯ ಊರಿನ ತಿಪ್ಪೆಗಳನ್ನು ಅಗೆದ ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಇದನ್ನು ಪ್ರಕಟಿಸಿದರು, ಸಂಖ್ಯೆ 413. ಪ್ರತಿ ಕ್ರಿ.ಶ. 2ನೇ ಶತಮಾನದ್ದು. ಖಾರಿಟಿಯಾನ್ ಎಂಬ ಗ್ರೀಕ್ ಹೆಣ್ಣು ಹಿಂದೂ ಮಹಾಸಾಗರದ ದಂಡೆಯ ಒಂದು ರಾಜ್ಯದಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ಬಿಡಿಸಲು ಬಂದವರು ಅಲ್ಲಿಯ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಮತ್ತೇರಿಸಿ, ಅವಳನ್ನು ಹಡಗು ಹತ್ತಿಸುತ್ತಾರೆ. ರಾಜ ಮತ್ತು ಅವನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡವಿರಬಹುದೆಂದು 1904ರಲ್ಲಿ ಹೇಳಿದವರು ಶಾಸನತಜ್ಞ ಹುಲ್ಟ್ಸ್. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಬೆಳಕಿಗೆ ತಂದ ಆರ್. ಶಾಮಾಶಾಸ್ತ್ರಿಗಳು ಆ ವಾದವನ್ನು ಇನ್ನಷ್ಟು ಬೆಳೆಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಮೇಲೆ ಬರೆದರು. ಇಂಥ ಹಿರಿಯರ ಹೆಸರು ಬೆನ್ನಿಗಿರುವುದರಿಂದಲೇ ಊಹೆ ಸಂಗತಿಯಾಗಿ ಬಿಟ್ಟಿತು.

ಈಗ ಪದಗಳನ್ನು ಹತ್ತಿರದಿಂದ ನೋಡೋಣ. ಗ್ರೀಕ್ ಅಕ್ಷರಗಳಲ್ಲಿರುವುದು ಹೆಚ್ಚುಕಡಿಮೆ ‘ಬೆರೆ ಕೊನ್‌ಜೆ ದಮುನ್ ಪೆತ್ರೆಕಿಯೊ ಪಕ್ತೇ’. ಇದನ್ನು ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂದು ಓದಿದರು. ಕಿವಿಗೆ ಇಂಪಾಗಿದೆ, ಕುಡಿಸುವ ಸನ್ನಿವೇಶಕ್ಕೂ ಹೊಂದುತ್ತದೆ. ಆದರೆ ‘ದಮುನ್’ ‘ಮಧು’ ಆಗಬೇಕಾದರೆ ಅಕ್ಷರಗಳನ್ನು ಹಿಂದುಮುಂದು ಮಾಡಬೇಕು. ಅದನ್ನು ಲಿಪಿಕಾರನ ಕೈತಪ್ಪು ಎಂದು ಬಿಡೋಣ. ‘ಹಾಕಿ’ಯನ್ನು ಮಾತ್ರ ಬಿಡುವಂತಿಲ್ಲ. ವಚನಗಳಲ್ಲೂ ಕುಮಾರವ್ಯಾಸನಲ್ಲೂ ಈ ಕ್ರಿಯಾಪದ ‘ಹಾಯ್ಕು’ ಎಂದು ಬರುತ್ತದೆ. ಯಕಾರ ಸವೆದು ‘ಹಾಕು’ ಆದದ್ದು ಆಮೇಲಿನ ರೂಢಿ. ಇನ್ನೂ ಹಿಂದಕ್ಕೆ ಹೋದರೆ ಮೊದಲಕ್ಷರ ‘ಹ’ ಅಲ್ಲ, ‘ಪ’.

ಪದದ ಮೊದಲಿನ ಪಕಾರ ಹಕಾರವಾದದ್ದನ್ನು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಿಲ್ಲ. ಪಂಪಾ ಹಂಪೆಯಾಯಿತು. ಹಳಗನ್ನಡದ ‘ಪೊಸ’ ಹೊಸಪೇಟೆಯಲ್ಲಿ ‘ಹೊಸ’ ಆಗಿ ಕೂತಿದೆ. ಹಂಪೆಯ ಎರಡನೆಯ ಪಕಾರ ಉಳಿಯಿತು, ಕಂಪಿಲಿ ಕಂಪ್ಲಿಯಾದರೂ ಅದರ ಪಕಾರ ಉಳಿಯಿತು, ಏಕೆಂದರೆ ಅನುನಾಸಿಕದ ಬಳಿಕ ಬಂದ ಪಕಾರಕ್ಕೆ ಈ ಬದಲಾವಣೆ ತಟ್ಟಲಿಲ್ಲ. ಇದು ಶಾಸನಗಳಲ್ಲಿ ಕಾಣಿಸತೊಡಗುವುದು 10ನೇ ಶತಮಾನದ ಆಸುಪಾಸಿನಲ್ಲಿ. ಗಟ್ಟಿಯಾಗುವುದು ಅದಾದ ಎರಡು ಮೂರು ಶತಮಾನಗಳಲ್ಲಿ. ಪಪೈರಸ್‌ನಲ್ಲಿ ‘ಪಕ್ತೇ’ ಎಂದು ಪಕಾರವೇ ಇದೆಯಲ್ಲ, ಅದು ಹಳೆಯ ರೂಪವೇ ಆಗಲಿ ಎಂದು ಯಾರಾದರೂ ಕೇಳಬಹುದು. ಕೇಳಲಿ. ಆಗ ನಡುವಿನ ತಕಾರ ಎಲ್ಲಿಂದ ಬಂತು, ಯಕಾರ ಎಲ್ಲಿಗೆ ಹೋಯಿತು ಎಂಬುದನ್ನೂ ಅವರೇ ಹೇಳಬೇಕಾಗುತ್ತದೆ.

ಇನ್ನೊಂದು ಸಾಲಿನ ಕೊನೆಗೆ ‘ಬ್ರೆತುವೇನಿ’ ಎಂಬಂತೆ ಕೇಳಿಸುವ ಅಕ್ಷರಗಳಿವೆ. ಇದನ್ನು ‘ಬೇರೆತ್ತುವೆನು’ ಎಂದು ಬಿಡಿಸಿದರು. ಅದೇ ಸಾಲಿನಲ್ಲಿ ಕಂಡ ‘ಎತ್ತಿ’, ‘ಕಟ್ಟಿ’ಗಳ ಬಗ್ಗೆ ನನ್ನ ತಕರಾರಿಲ್ಲ, ಇಕಾರದಿಂದ ಮುಗಿಯುವ ಭೂತಕೃದಂತ ಹಳಗನ್ನಡದಲ್ಲೂ ಇದೆ. ‘ಎತ್ತುವೆನು’ವಿನ ಬಾಲ ಬೇರೆ ಕತೆ. 13ನೇ ಶತಮಾನದ ಕೇಶಿರಾಜ ಉತ್ತಮಪುರುಷ ಏಕವಚನಕ್ಕೆ ಕೊಡುವ ಪ್ರತ್ಯಯ ‘ಎಂ’. ಹಾಗಾಗಿ ‘ಎತ್ತುವೆಂ’. ವ್ಯಂಜನದ ಕೊನೆಗೆ ಸ್ವರ ಅಂಟಿ ‘ಎತ್ತುವೆನು’ ಆಗುವುದು ನಡುಗನ್ನಡದ ಲಕ್ಷಣ.

ಇನ್ನೂ ಹಿಂದಿನ ಹಲ್ಮಿಡಿ ಶಾಸನದ ಕಲ್ಲಿನಲ್ಲಿ, ಅಂದರೆ ಸುಮಾರು 450ರಲ್ಲಿ, ಕೊಟ್ಟದ್ದನ್ನು ಹೇಳುವ ಕ್ರಿಯಾಪದ ‘ಕೊಟ್ಟಾರ್’. ಅಲ್ಲಿ ರೇಫದ ಮೇಲೆ ಉಕಾರವಿಲ್ಲ, ಅದರ ಹಿಂದಿನ ಸ್ವರ ದೀರ್ಘ. ಇದು ಮುಂದೆ ‘ಕೊಟ್ಟರ್’ ಆಗಿ, ವಿಜಯನಗರದ ಕಾಲಕ್ಕೆ ‘ಕೊಟ್ಟರು’ ಆಯಿತು. ಆ ಕಲ್ಲಿಗಿಂತ ಎರಡೂವರೆ ಶತಮಾನ ಹಳೆಯ ರಾಜನೊಬ್ಬ ವಿಜಯನಗರದವರಂತೆ ‘ಎತ್ತುವೆನು’ ಎನ್ನಲು ಹೇಗೆ ಸಾಧ್ಯ?

ಹಲ್ಮಿಡಿ ಶಾಸನವನ್ನು ಎಂ.ಎಚ್. ಕೃಷ್ಣ ಗುರುತಿಸಿದ್ದು 1936ರಲ್ಲಿ. 1904ರ ಹುಲ್ಟ್ಸ್ ಕೈಯಲ್ಲಿ ಅದು ಇರಲಿಲ್ಲ, ಶಾಮಾಶಾಸ್ತ್ರಿಗಳು ವಾದ ಹೂಡಿದಾಗಲೂ ಇರಲಿಲ್ಲ. ತಮಗೆ ಸಿಕ್ಕ ಸಾಮಗ್ರಿಯಲ್ಲಿ ಅವರು ಧೈರ್ಯದ ಊಹೆ ಮಾಡಿದರು. ಆ ಗೌರವ ಅವರಿಗೆ ಸಲ್ಲಬೇಕು. ಆಗಲೂ ಕನ್ನಡ ಶಾಸನಗಳನ್ನು ಸಂಪಾದಿಸಿದ್ದ ಎಲ್.ಡಿ. ಬಾರ್ನೆಟ್ 1926ರಲ್ಲೇ ಇದನ್ನು ಅಲ್ಲಗಳೆದು ಬರೆದಿದ್ದರು. ನಮ್ಮ ಭಾಷಣಗಳಲ್ಲಿ ಹುಲ್ಟ್ಸ್ ಹೆಸರು ಬರುತ್ತದೆ, ಬಾರ್ನೆಟ್ ಹೆಸರು ಬರುವುದಿಲ್ಲ. ಇದು ನನಗೆ ನೋವಿನ ವಿಷಯ.

ಕರಾವಳಿಯ ಮಾತು ಒಳನಾಡಿಗಿಂತ ಮುಂಚೆಯೇ ಬದಲಾಗಿರಬಹುದಲ್ಲ ಎಂಬ ಸಮಾಧಾನವೂ ಇದೆ. ನಾಟಕ ನಡೆದದ್ದು ಮಲ್ಪೆ, ಉದ್ಯಾವರದ ಕಡೆ ಎನ್ನುತ್ತಾರೆ. ಆದರೆ ಆ ದಂಡೆಯ ತುಳುವರು ಇವತ್ತಿಗೂ ‘ಪೊಸ’ ಎನ್ನುತ್ತಾರೆ. ನಾಟಕದ ಆ ಮಾತು ಕನ್ನಡವಲ್ಲ, ತುಳುವೇ ಎಂಬ ವಾದವೂ ಹುಟ್ಟಿದೆ. ಒಂದೇ ಸಾಲು ಎರಡು ಭಾಷೆಗೂ ಒಗ್ಗುತ್ತದೆ ಎಂದಾದಾಗ, ಓದುಗ ಬಯಸಿದ್ದೇ ಅಲ್ಲಿ ಕಾಣುತ್ತಿದೆಯೇ ಎಂಬ ಅನುಮಾನ ಬರಬೇಕು. ಹಾಸ್ಯನಾಟಕದಲ್ಲಿ ಪರದೇಶಿಯ ಬಾಯಿಗೆ ಅರ್ಥವಿಲ್ಲದ ಸದ್ದು ತುಂಬಿ ನಗಿಸುವುದು ಗ್ರೀಕರಿಗೆ ಹೊಸದೇನಲ್ಲ; ಅರಿಸ್ಟೋಫನೀಸ್ ಪರ್ಷಿಯನ್ ದೂತನಿಂದ ಅಂಥದ್ದನ್ನೇ ಆಡಿಸಿದ್ದಾನೆ.

ಕನ್ನಡ ನಾಡಿಗೂ ಮೆಡಿಟರೇನಿಯನ್ ಲೋಕಕ್ಕೂ ನಂಟಿತ್ತು ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಕೂತು ಟಾಲೆಮಿ ಅದೇ 2ನೇ ಶತಮಾನದಲ್ಲಿ ಬನವಾಸಿಯ ಹೆಸರು ಬರೆದಿದ್ದಾನೆ. ಅದನ್ನು ಗುರುತಿಸಲು ಅಕ್ಷರಗಳನ್ನು ತಿರುಗುಮುರುಗು ಮಾಡಬೇಕಿಲ್ಲ. ಪಪೈರಸ್‌ನ ರಾಜ ಆಡಿದ್ದು ಕನ್ನಡವೇ ಎನ್ನುವವರು ಹಲ್ಮಿಡಿಯಿಂದ ಪಂಪನವರೆಗಿನ ಯಾವುದಾದರೂ ಒಂದು ಶಾಸನದಲ್ಲಿ ‘ಹಾಕಿ’ಯನ್ನೋ ‘ಎತ್ತುವೆನು’ವನ್ನೋ ತೋರಿಸಲಿ.