ಕತ್ತಿ ಹಿಡಿದವನ ಅನ್ನದ ಲೆಕ್ಕ

ಹುಲಿಯೂರುದುರ್ಗದ ಬೆಟ್ಟದಲ್ಲಿ ಅರ್ಧ ದಾರಿ ಹತ್ತುವಷ್ಟರಲ್ಲಿ ನನಗೆ ಏದುಸಿರು. ಜೊತೆಗೆ ಬಂದಿದ್ದ ಅಕ್ಕನ ಮಗ ಒಂಬತ್ತನೇ ಕ್ಲಾಸಿನವನು. ಒಂದು ಹನಿ ಬೆವರೂ ಇಲ್ಲದೆ ಬಂಡೆಯ ನೆರಳಲ್ಲಿ ಕೂತು ಮೊಬೈಲ್ ತೆಗೆದ. ನೋಡುತ್ತಿದ್ದದ್ದು ಹಿಂದಿಗೆ ಡಬ್ ಆದ ಚೀನೀ ಸೀರಿಯಲ್. ಎದೆಯುದ್ದ ಗಡ್ಡದ, ಕೆಂಪು ಮುಖದ ಒಬ್ಬ ದಂಡನಾಯಕ ಕುದುರೆ ಮೇಲಿಂದ ಕತ್ತಿ ಬೀಸಿದರೆ ಇಪ್ಪತ್ತು ಜನ ಒಟ್ಟಿಗೇ ಹಾರಿ ಬೀಳುತ್ತಿದ್ದರು.

"ಮಾವ, ಈ ಬೆಟ್ಟದ್ ಮೇಲೂ ಹಿಂಗೆ ಫೈಟ್ ಆಗಿತ್ತಾ?"

"ಆಗಿದ್ದಿರ್ಬೇಕು ಕಣೋ. 1791ರಲ್ಲಿ ಕಾರ್ನ್‌ವಾಲಿಸ್‌ನ ದಂಡು ಈ ಕೋಟೆ ಹಿಡೀತು."

"ನಮ್ ಕಡೆ ಹೀರೋ ಯಾರು?"

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಈ ಕೋಟೆ ಮಾಗಡಿ ಕೆಂಪೇಗೌಡರ ವಂಶದವರ ಕೈಲಿತ್ತು. 1728ರಲ್ಲಿ ಮೈಸೂರಿನವರು ಮಾಗಡಿ ಗೆದ್ದು ಅಲ್ಲಿನ ಕೊನೆಯ ಗೌಡರನ್ನು ಶ್ರೀರಂಗಪಟ್ಟಣದಲ್ಲಿ ಸೆರೆಯಿಟ್ಟರು. ಆಮೇಲೆ ಹೈದರ್, ಟಿಪ್ಪು. ಅಷ್ಟೂ ಕಾಲ ಈ ಕಲ್ಲುಗೋಡೆಯ ಹಿಂದೆ ಚಳಿಯಲ್ಲಿ ನಿಂತು ಕಾದವರ ಪೈಕಿ ಒಬ್ಬನ ಹೆಸರೂ ನನಗೆ ಗೊತ್ತಿಲ್ಲ. ಮೈಸೂರು ಸೀಮೆಯ ಇಂಥ ಕೋಟೆಗಳನ್ನು ಕಾಯುತ್ತಿದ್ದವರು ಹೆಚ್ಚಾಗಿ ಕಂದಾಚಾರದವರು. ಕರೆದಾಗ ಕತ್ತಿ ಹಿಡಿಯಬೇಕು, ಮಿಕ್ಕ ದಿನ ಹೊಲ ಉಳಬೇಕು. ಸಂಬಳದಲ್ಲಿ ಒಂದು ಪಾಲು ಆ ಹೊಲದಲ್ಲೇ ವಜಾ.

"ಹೀರೋ ಇರ್ಲಿಲ್ಲ. ಸಂಬಳದೋರಿದ್ರು" ಅಂದೆ.

ಹುಡುಗನಿಗೆ ಇದು ರುಚಿಸಲಿಲ್ಲ. ಮತ್ತೆ ಮೊಬೈಲಿಗೆ ಹೋದ.

ವೀರರ ಕಥೆ ಓದುವುದು, ವೀರಗಲ್ಲು ಹುಡುಕಿಕೊಂಡು ಊರೂರು ತಿರುಗುವುದು ನನ್ನ ಹಳೆಯ ಚಟ. ಟೆಂಟಿನ ನೆಲದ ಮೇಲೆ ಕೂತು ಬ್ರೂಸ್ ಲೀ ನೋಡಿ, ಮನೆಗೆ ಬಂದು ಒನಕೆ ತಿರುಗಿಸಲು ಹೋಗಿ ದೀಪ ಒಡೆದವನು ನಾನು. ಆ ಕಾಲದಿಂದ ಈವರೆಗೆ ನೂರಾರು ವೀರರನ್ನು ಓದಿದ ಮೇಲೆ ನನ್ನದೇ ಒಂದು ಅಳತೆಗೋಲು ಮಾಡಿಕೊಂಡಿದ್ದೇನೆ. ಇವನು ಎಷ್ಟು ಜನರನ್ನು ಕೊಂದ ಎಂದು ನಾನು ಎಣಿಸುವುದಿಲ್ಲ. ಇವನಿಗೆ ಅನ್ನ ಹಾಕಿದವರು ಯಾರು, ಆ ಋಣವನ್ನು ಇವನು ಹೇಗೆ ತೀರಿಸಿದ, ಅಷ್ಟು ಕೇಳುತ್ತೇನೆ. ಹಳೆಯ ಕನ್ನಡದಲ್ಲಿ ಇದಕ್ಕೆ ಜೋಳದ ಪಾಳಿ ಅನ್ನುತ್ತಿದ್ದರು. ಪಂಪನ ಕರ್ಣ ನಮಗೆ ಇಷ್ಟವಾಗುವುದು ಬಿಲ್ಲುಗಾರ ಅಂತಲ್ಲ, ತಿಂದ ಜೋಳ ಮರೆಯದವನು ಅಂತ.

ಆ ಗಡ್ಡದ ದಂಡನಾಯಕನನ್ನೇ ತೆಗೆದುಕೊಳ್ಳಿ. ಅವನು ಗುವಾನ್ ಯು. ನಿಜವಾಗಿ ಇದ್ದವನು, ಕ್ರಿ.ಶ. ಮೂರನೇ ಶತಮಾನಕ್ಕೆ ಕಾಲಿಡುವ ಹೊತ್ತಿಗೆ ಹಾನ್ ಸಾಮ್ರಾಜ್ಯ ಕುಸಿದು ಮೂರು ರಾಜ್ಯವಾಗುತ್ತಿದ್ದಾಗ ಲಿಯು ಬೇ ಎಂಬ ಒಡೆಯನ ಬಲಗೈಯಾಗಿದ್ದವನು. ಅದೇ ಶತಮಾನದಲ್ಲಿ ಬದುಕಿದ್ದ ಚೆನ್ ಶೌ ಎಂಬ ಇತಿಹಾಸಕಾರ ಅವನ ಬಗ್ಗೆ ಬರೆದಿದ್ದು ಕೆಲವೇ ಪುಟ. ಸಾವಿರ ವರ್ಷ ಕಳೆದ ಮೇಲೆ, ಹದಿನಾಲ್ಕನೇ ಶತಮಾನದಲ್ಲಿ ಲುವೊ ಗುವಾನ್‌ಝೊಂಗ್ ಹೆಸರಿನಲ್ಲಿ ಬಂದ 'ಮೂರು ರಾಜ್ಯಗಳ' ಕಾದಂಬರಿ ಆ ಮನುಷ್ಯನನ್ನು ಬೆಟ್ಟ ಮಾಡಿತು. ಅವನ ಕೈಗೆ ಎಂಬತ್ತೆರಡು ಚೀನೀ ಸೇರಿನ ಕತ್ತಿ ಕೊಟ್ಟಿತು. ಅಂಥ ಉದ್ದ ಹಿಡಿಯ ಅರ್ಧಚಂದ್ರದ ಕತ್ತಿ ಅವನ ಕಾಲದಲ್ಲಿ ಇರಲೇ ಇಲ್ಲ, ನೂರಾರು ವರ್ಷದ ನಂತರ ಬಂದದ್ದು. ಹುವಾ ಷಿಯೊಂಗ್ ಎಂಬ ಶತ್ರು ಸೇನಾನಿಯ ತಲೆಯನ್ನು, ಬಿಸಿ ಮಾಡಿದ ಮದ್ಯ ಬಟ್ಟಲಲ್ಲಿ ಆರುವುದರೊಳಗೆ ಇವನು ಕಡಿದು ತಂದ ಎಂಬ ಪ್ರಸಂಗ ಬಹಳ ಪ್ರಸಿದ್ಧ. ಆ ಸೇನಾನಿ ಸತ್ತದ್ದು ಸುನ್ ಜಿಯೆನ್ ಎಂಬ ಬೇರೊಬ್ಬನ ಸೈನ್ಯದ ಕೈಲಿ. ಗೆಲುವು ಒಬ್ಬರದು, ಹಾರ ಇನ್ನೊಬ್ಬರಿಗೆ.

ಹಾಗೆಂದು ಎಲ್ಲವೂ ಕಟ್ಟುಕಥೆಯಲ್ಲ. ಕ್ರಿ.ಶ. 200ರಲ್ಲಿ ಗುವಾನ್ ಯು ತನ್ನ ಒಡೆಯನ ವೈರಿ ತ್ಸಾವೊ ತ್ಸಾವೊನ ಕೈಗೆ ಸೆರೆಸಿಕ್ಕ. ವೈರಿ ಇವನನ್ನು ಕೊಲ್ಲಲಿಲ್ಲ, ಸನ್ಮಾನಿಸಿ ತನ್ನ ಬಳಿಯೇ ಇಟ್ಟುಕೊಂಡ. ಇಲ್ಲೇ ಇದ್ದುಬಿಡುತ್ತೀಯಾ ಎಂದು ಕೇಳಿಸಿದಾಗ, ನಿಮ್ಮ ಋಣ ತೀರಿಸಿ ಹೋಗುತ್ತೇನೆ ಎಂಬರ್ಥದ ಉತ್ತರ ಬಂತು. ಯೆನ್ ಲಿಯಾಂಗ್ ಎಂಬ ಎದುರಾಳಿ ಸೇನಾಪತಿಯನ್ನು ಯುದ್ಧದ ನಡುವೆ ನುಗ್ಗಿ ಕೊಂದು ಆ ಋಣ ಮುಗಿಸಿದ. ಕೊಟ್ಟ ಉಡುಗೊರೆಗಳಿಗೆಲ್ಲ ಮುದ್ರೆ ಹಾಕಿ ಅಲ್ಲೇ ಬಿಟ್ಟು, ಒಂದು ಕಾಗದ ಬರೆದಿಟ್ಟು, ಹಳೆಯ ಒಡೆಯನನ್ನು ಹುಡುಕಿಕೊಂಡು ಹೊರಟ. ಬೆನ್ನಟ್ಟಲು ಹೊರಟವರನ್ನು ತ್ಸಾವೊ ತ್ಸಾವೊನೇ ತಡೆದ. ಇಷ್ಟೂ ಚೆನ್ ಶೌನ ಇತಿಹಾಸದಲ್ಲೇ ಇದೆ. ನನ್ನನ್ನು ಕೇಳಿದರೆ ಎಂಬತ್ತೆರಡು ಸೇರಿನ ಕತ್ತಿಗಿಂತ ಈ ಮುದ್ರೆ ಹಾಕಿದ ಗಂಟುಗಳೇ ತೂಕದವು. ಕಾದಂಬರಿಕಾರನೂ ಜಾಣ, ಇದನ್ನು ಬಿಡಲಿಲ್ಲ. ಕೊನೆಗೆ ತಲೆ ಕಡಿಸಿಕೊಂಡು ಸತ್ತ ಈ ಸೇನಾನಿ ಚೀನಿಯರಿಗೆ ದೇವರಾದ. ಹಾಂಗ್‌ಕಾಂಗ್‌ನಲ್ಲಿ ಪೊಲೀಸರೂ ಅವನಿಗೆ ಊದುಬತ್ತಿ ಹಚ್ಚುತ್ತಾರೆ, ಅವರು ಹಿಡಿಯಬೇಕಾದ ರೌಡಿಗಳೂ ಹಚ್ಚುತ್ತಾರೆ.

ಇತಿಹಾಸದ ವೀರನನ್ನು ಕಥೆಯ ವೀರನಾಗಿಸುವ ಕೆಲಸವನ್ನು ನಮ್ಮಲ್ಲಿ ಸ್ವಲ್ಪ ಸುಲಭ ಮಾಡಿಕೊಂಡಿದ್ದೇವೆ. 2011ರಲ್ಲಿ 'ಕೆಂಪೇಗೌಡ' ಎಂಬ ಸಿನಿಮಾ ಬಂದಾಗ ಕೋಟೆ ಕೊತ್ತಲ ನೋಡಬಹುದೆಂದು ಹೋದೆ. ಕೆಂಪೇಗೌಡ ಅದರಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್! ತಮಿಳಿನಿಂದ ಬಂದ ಕಥೆ. ಸುದೀಪ್ ಚೆನ್ನಾಗಿಯೇ ಮಾಡಿದ್ದರು ಅನ್ನಿ.

ಚೀನೀ ಜನಪ್ರಿಯ ಕಥೆಗಳಲ್ಲಿ ಇನ್ನೊಂದು ಜಾತಿಯಿದೆ, ಅಲೆಮಾರಿ ಕತ್ತಿವೀರರದು. ಅದರ ದೊರೆ ಜಿನ್ ಯೋಂಗ್. 1950ರ ದಶಕದಿಂದ ಹಾಂಗ್‌ಕಾಂಗ್ ಪತ್ರಿಕೆಗಳಲ್ಲಿ ದಿನಕ್ಕಿಷ್ಟು ಎಂದು ಧಾರಾವಾಹಿ ಬರೆದು, 1959ರಲ್ಲಿ ತನ್ನದೇ ಪತ್ರಿಕೆ ಶುರು ಮಾಡಿ, ಅದನ್ನೂ ಧಾರಾವಾಹಿಗಳಿಂದಲೇ ಬೆಳೆಸಿದವನು. ವಾರಪತ್ರಿಕೆಯ ಧಾರಾವಾಹಿಗೆ ಕಾದು ಕೂತು ಬೆಳೆದ ನಮ್ಮ ತಲೆಮಾರಿಗೆ ಆ ರುಚಿ ಬಿಡಿಸಿ ಹೇಳಬೇಕಿಲ್ಲ. ಆದರೆ ನನ್ನ ಅಳತೆಗೋಲು ಇಲ್ಲಿ ತಬ್ಬಿಬ್ಬಾಗುತ್ತದೆ. ಈ ವೀರರು ಹೋಟೆಲಿಗೆ ನುಗ್ಗುತ್ತಾರೆ, ಮಾಂಸ ತರಿಸುತ್ತಾರೆ, ಹೆಂಡ ತರಿಸುತ್ತಾರೆ, ಬೆಳ್ಳಿ ಗಟ್ಟಿ ಎಸೆದು ಎದ್ದು ಹೋಗುತ್ತಾರೆ. ಆ ಬೆಳ್ಳಿ ಎಲ್ಲಿಂದ ಬಂತಪ್ಪ? ಹೊಲವಿಲ್ಲ, ಒಡೆಯನಿಲ್ಲ, ಅಂಗಡಿಯಿಲ್ಲ. ಓದುವಾಗ ಮಜಾ, ಪುಸ್ತಕ ಮುಚ್ಚಿದ ಮೇಲೆ ಹೊಟ್ಟೆ ಖಾಲಿ.

ಮೂಲಾನ್ ಕಥೆಯಲ್ಲಿ ಆಗಿರುವ ಅನ್ಯಾಯ ಇದಕ್ಕಿಂತ ದೊಡ್ಡದು. ಅಪ್ಪನ ಬದಲು ಗಂಡುವೇಷದಲ್ಲಿ ದಂಡಿಗೆ ಹೋದ ಹುಡುಗಿಯನ್ನು ಡಿಸ್ನಿಯವರು 1998ರಲ್ಲಿ ಜಗತ್ತಿಗೆಲ್ಲ ಪರಿಚಯಿಸಿದರು, ಅವಳ ಖರ್ಚಿನ ಲೆಕ್ಕ ಮಾತ್ರ ಬಿಟ್ಟುಬಿಟ್ಟರು. ಹಳೆಯ ಚೀನೀ ಲಾವಣಿಯಲ್ಲಿ ಅವಳು ಹೊರಡುವ ಮೊದಲು ಮಾಡುವುದು ಸಂತೆ! ಒಂದು ಪೇಟೆಯಲ್ಲಿ ಕುದುರೆ, ಇನ್ನೊಂದರಲ್ಲಿ ಜೀನು, ಮತ್ತೊಂದರಲ್ಲಿ ಕಡಿವಾಣ, ಕೊನೆಯದರಲ್ಲಿ ಚಾವಟಿ. ಬಡ ರೈತನ ಮನೆಯಿಂದ ಆಳೂ ಹೋಗಬೇಕು, ಸಾಮಾನಿನ ಖರ್ಚೂ ಅವನದೇ. ಹನ್ನೆರಡು ವರ್ಷ ದುಡಿದು ಬಂದವಳನ್ನು ದೊರೆ ಏನು ಬೇಕು ಕೇಳು ಅಂದಾಗ ಅವಳು ಮಂತ್ರಿಗಿರಿ ಒಲ್ಲೆ ಅಂದಳು. ಊರಿಗೆ ಹೋಗಲು ವೇಗದ ಒಂದು ಪ್ರಾಣಿ ಕೊಡಿ ಸಾಕು ಅಂದಳು. ಒಂದು ಪಾಠದಲ್ಲಿ ಅದು ಕುದುರೆ, ಇನ್ನೊಂದರಲ್ಲಿ ಒಂಟೆ.

ಏನು ಬೇಕು ಕೇಳು ಎಂಬ ಈ ಮಾತು ಓದಿದಾಗಲೆಲ್ಲ ನನಗೆ ನಮ್ಮ ಪಕ್ಕದ ಊರಿನ ಮಣಲೇರ ನೆನಪಾಗುತ್ತಾನೆ. ದುರ್ಗದಿಂದ ತೆಂಕಲಿಗೆ ಬಸ್ಸು ಹತ್ತಿದರೆ ಮದ್ದೂರು. ಅದೇ ತಾಲ್ಲೂಕಿನ ಊರು ಆತಕೂರು. ಅಲ್ಲಿದ್ದ, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿರುವ ಕಲ್ಲಿನಷ್ಟು ನನ್ನನ್ನು ಕಾಡಿದ ಕಲ್ಲು ಇನ್ನೊಂದಿಲ್ಲ. ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಕಾಳಗ ನಡೆಯಿತು. ಪಂಪ ತನ್ನ ಭಾರತ ಮುಗಿಸಿ ಹತ್ತು ವರ್ಷವೂ ಆಗಿರಲಿಲ್ಲ. ರಾಷ್ಟ್ರಕೂಟ ಮೂರನೇ ಕೃಷ್ಣನ ಪಕ್ಷದಲ್ಲಿದ್ದ ಅವನ ಭಾವಮೈದುನ, ಗಂಗರ ಬೂತುಗ, ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಬೂತುಗನಿಗೆ ಬನವಾಸಿ, ಬೆಳ್ವೊಲದಂಥ ನಾಡುಗಳೇ ಉಡುಗೊರೆ ಬಂದವು. ಆ ಯುದ್ಧದಲ್ಲಿ ಬೂತುಗನ ಮುಂದೆ ನಿಂತು ಕಾದಿದವನು ಮಣಲೇರ. ಮೆಚ್ಚಿದೆ, ಏನು ಬೇಕೋ ಕೇಳು ಅಂದ ಒಡೆಯ.

ಮಣಲೇರ ಕೇಳಿದ್ದು ನಾಯಿ. ಕಾಳಿ ಎಂಬ ಹೆಸರಿನ, ಒಡೆಯನ ಬೇಟೆನಾಯಿ.

ಆಮೇಲೆ ಆ ಕಾಳಿಯನ್ನು ಒಂದು ಗುಡ್ಡದಲ್ಲಿ ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟು, ಪೂಜೆಗೆ ಗೊರವನನ್ನು ನೇಮಿಸಿದರು. ಈ ಕಲ್ಲನ್ನು ಪೂಜಿಸದೆ ಗೊರವ ಉಂಡರೆ ಅವನಿಗೆ ನಾಯಿಯ ಪಾಪ ತಟ್ಟುತ್ತದೆ ಎಂದು ಶಾಸನ. ಕಲ್ಲಿನ ಮೇಲ್ಗಡೆ ಕೆತ್ತಿರುವುದು ನಾಯಿ ಮತ್ತು ಹಂದಿ, ಮೈಗೆ ಮೈ ಕೊಟ್ಟು ನಿಂತ ಎರಡು ಪ್ರಾಣಿ. ತಕ್ಕೋಲದ ಅಷ್ಟು ದೊಡ್ಡ ಯುದ್ಧ ಕೆಳಗೆ ಅಕ್ಷರದಲ್ಲಿ ಸುಮ್ಮನೆ ಕೂತಿದೆ. ರಾಜಾದಿತ್ಯನ ಸಾವಿಗೆ ಸಿಗದ ಚಿತ್ರ ಒಂದು ನಾಯಿಗೆ ಸಿಕ್ಕಿತು. ಯಾವ ಕಾದಂಬರಿಕಾರನಿಗಾದರೂ ಹೊಳೆಯುವ ಕಥೆಯೇ ಇದು?

ಚೀನಾದಲ್ಲಿ ನಮ್ಮ ವೀರಗಲ್ಲುಗಳಿಗೆ ಸರೀ ತಿರುಗುಮುರುಗಾದದ್ದು ಒಂದಿದೆ. 1974ರಲ್ಲಿ ಷಿಯಾನ್ ಬಳಿ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ಸೈನಿಕನ ಚೂರುಗಳು ಸಿಕ್ಕವು. ಕ್ರಿ.ಪೂ. 210ರಲ್ಲಿ ಸತ್ತ ಚಿನ್ ಚಕ್ರವರ್ತಿಯ ಗೋರಿ ಕಾಯುವ ಆಳೆತ್ತರದ ಸುಟ್ಟಮಣ್ಣಿನ ದಂಡು ಅದು. ಎಂಟು ಸಾವಿರದಷ್ಟಿರಬಹುದೆಂದು ಅಂದಾಜು. ಮುಖ ಬೇರೆ ಬೇರೆ, ಜುಟ್ಟು ಕಟ್ಟಿದ ಬಗೆ ಬೇರೆ ಬೇರೆ. ಆ ಮೈಗಳ ಮೇಲೆ ಅಲ್ಲಲ್ಲಿ ಹೆಸರುಗಳೂ ಇವೆ, ಆದರೆ ಅವು ಯೋಧರ ಹೆಸರಲ್ಲ, ಮಾಡಿದ ಕುಂಬಾರರದು. ಕೆಲಸ ಕೆಟ್ಟರೆ ಯಾರನ್ನು ಹಿಡಿಯಬೇಕೆಂದು ಗೊತ್ತಿರಲಿ ಅಂತ ಗುರುತು. ನಮ್ಮ ವೀರಗಲ್ಲಿನಲ್ಲಿ ಬರಹವಿದ್ದರೆ ಸತ್ತವನ ಹೆಸರು ಇರುತ್ತದೆ, ತುರು ಬಿಡಿಸಲು ಸತ್ತನೋ ಊರಳಿವಿನಲ್ಲಿ ಸತ್ತನೋ ಎಂದಿರುತ್ತದೆ, ಮಕ್ಕಳಿಗೆ ಕೊಟ್ಟ ನೆತ್ತರುಕೊಡಗೆಯ ಹೊಲದ ಲೆಕ್ಕವಿರುತ್ತದೆ. ಕೆತ್ತಿದವನ ಹೆಸರು ಮಾತ್ರ ಅಪರೂಪ.

ಚೀನಿಯರೂ ನಮ್ಮ ವೀರರನ್ನು ನೋಡಿ ಬೆರಗಾಗಿದ್ದಾರೆ. ಏಳನೇ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಹ್ಯೂಯೆನ್ ತ್ಸಾಂಗ್ ಬರೆದದ್ದು ಹೀಗೆ: ಸೋತು ಬಂದ ಸೇನಾಪತಿಗೆ ಇಲ್ಲಿ ಶಿಕ್ಷೆಯಿಲ್ಲ, ಹೆಂಗಸರ ಬಟ್ಟೆ ಕೊಡುತ್ತಾರೆ, ಅಷ್ಟಕ್ಕೇ ಅವನು ಪ್ರಾಣ ಕಳೆದುಕೊಳ್ಳುತ್ತಾನೆ, ನೂರಾರು ಜಟ್ಟಿಗಳನ್ನು ರಾಜ್ಯವೇ ಸಾಕುತ್ತದೆ, ಯುದ್ಧಕ್ಕೆ ಮುಂಚೆ ಅವರಿಗೂ ಹೆಂಡ, ಆನೆಗೂ ಹೆಂಡ. ಪಾಪ, ಆ ಯಾತ್ರಿಕನನ್ನೂ ಕಥೆಯವರು ಬಿಡಲಿಲ್ಲ. ಒಂಬೈನೂರು ವರ್ಷದ ಮೇಲೆ ಬಂದ ಕಾದಂಬರಿಯಲ್ಲಿ ಅವನು ಮಾತೆತ್ತಿದರೆ ಅಳುವ ಸಾಧು, ಜಗಳವೆಲ್ಲ ಅವನ ಜೊತೆಗಿನ ಕೋತಿಯದು.

ಋಣದ ಮಾತು ಅತಿಗೆ ಹೋದರೆ ಏನಾಗುತ್ತದೆಂಬುದಕ್ಕೂ ಎರಡೂ ಕಡೆ ಸಾಕ್ಷಿಯಿದೆ. ಹಳೇಬೀಡಿನಲ್ಲಿ ಕುವರ ಲಕ್ಷ್ಮನ ಕಂಬದ ಮುಂದೆ ಒಮ್ಮೆ ನಿಲ್ಲಿ. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಗರುಡನಾಗಿದ್ದ, ಅಂದರೆ ಒಡೆಯ ಸತ್ತರೆ ತಾನೂ ಸಾಯುವ ಆಣೆಯಿಟ್ಟಿದ್ದ ಈ ದಂಡನಾಯಕ ಒಡೆಯನೊಂದಿಗೇ ಸತ್ತ, ಹೆಂಡತಿ ಸುಗ್ಗಲದೇವಿ ಸತ್ತಳು, ಅಂಥದೇ ಆಣೆಯ ಸಾವಿರ ಮಂದಿ ವೇಳೆಯವರು ಸತ್ತರು ಎನ್ನುತ್ತದೆ ಶಾಸನ. ಕಂಬದ ಮೇಲೆ ತಮ್ಮ ತಲೆ ತಾವೇ ಕಡಿದುಕೊಳ್ಳುವ ಆಳುಗಳ ಸಾಲು. ಸಿಮಾ ಛಿಯೆನ್ ಬರೆದ ಚೀನೀ ಇತಿಹಾಸದಲ್ಲಿ ತಿಯೆನ್ ಹೆಂಗ್ ಎಂಬ ಸೋತ ದೊರೆಗಾಗಿ ಐನೂರು ಮಂದಿ ಒಂದು ದ್ವೀಪದಲ್ಲಿ ಸತ್ತರು. ಅವರು ಐನೂರು, ಇವರು ಸಾವಿರ. ಈ ಪಂದ್ಯದಲ್ಲಿ ಗೆದ್ದೆವೆಂದು ನನಗೇನೂ ಹೆಮ್ಮೆಯಿಲ್ಲ. ಆ ಕಂಬದ ಮುಂದೆ ನನಗೆ ಪ್ರತಿ ಸಲವೂ ಕಸಿವಿಸಿ.

ಬೆಟ್ಟ ಇಳಿದ ಮೇಲೆ ಹುಡುಗನನ್ನು ದುರ್ಗದ ಹತ್ತಿರದ ಒಂದು ಊರಿನ ಕೆರೆ ಏರಿಗೆ ಕರೆದುಕೊಂಡು ಹೋದೆ. ಹುಣಸೆ ಮರದ ಬುಡದಲ್ಲಿ ಅರ್ಧ ಮಣ್ಣಲ್ಲಿ ಹೂತ ಒಂದು ಕಲ್ಲು. ಮೂರು ಅಂತಸ್ತು: ಕೆಳಗೆ ಕತ್ತಿ ಎತ್ತಿದ ಆಳು, ನಡುವೆ ಅವನ ಕಂಕುಳಿಗೆ ಕೈ ಕೊಟ್ಟು ಎತ್ತಿಕೊಂಡು ಹೋಗುವ ಇಬ್ಬರು ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅವನೇ. ಮೂಗು ಬಾಯಿ ಸವೆದು ಮುಖ ನುಣ್ಣಗಿದೆ. ಬಲ ಅಂಚಿನಲ್ಲಿ ಬೆರಳು ಹಿಡಿಯುವಷ್ಟು ಅಗಲದ ಗೀರುಗಳು. ಯಾರೋ ಎಷ್ಟೋ ವರ್ಷ ಅಲ್ಲಿ ಕುಡುಗೋಲು ಮಸೆದಿದ್ದಾರೆ. ಕಾಲ ಹತ್ತಿರ ಹಸುವಿನಂಥದ್ದೇನೋ ಇದೆ; ತುರುಗಾಳಗದ ಕಲ್ಲಿರಬೇಕು. ಅಕ್ಷರವಿಲ್ಲ.

ಹುಡುಗ ಮೊಬೈಲಿನ ಬೆಳಕು ಬಿಟ್ಟು ನೋಡಿದ. "ಇವ್ನ ಹೆಸ್ರೇನು?"

ಏರಿಯ ಮೇಲೆ ಮೇಕೆ ಹೊಡೆದುಕೊಂಡು ಬರುತ್ತಿದ್ದ ಅಜ್ಜಿ ನಿಂತಳು. "ಹೆಸ್ರು ಯಾರಿಗ್ ಗೊತ್ತು ಮಗ? ವೀರಪ್ಪ ಅಂತೀವಿ."

"ಪೂಜೆ ಮಾಡ್ತೀರಾ ಅಜ್ಜಿ?"

"ಪೂಜೆ ಗೀಜೆ ಏನಿಲ್ಲ. ಹೊಸತೊಡಕಿಗೆ ಎಡೆ ಇಡ್ತೀವಿ. ಮುದ್ದೆ, ಬಾಡು."

ಮೇಲಿನ ಅಂತಸ್ತಿನಲ್ಲಿ ಲಿಂಗದ ಮುಂದೆ ಕೈಮುಗಿದು ಕೂತವನಿಗೆ ಬಾಡೂಟ! ನಾನು ನಗುತ್ತಿದ್ದದ್ದು ನೋಡಿ ಅಜ್ಜಿಗೆ ಸಿಟ್ಟು ಬಂತು.

"ನಗ್ಬೇಡಿ. ಊರ್ ದನ ಕಾದೋನಂತೆ. ಅವ್ನಿಗಿಕ್ದೆ ನಾವೆಂಗ್ ಉಣ್ಣಾದು?" ಅಂದು ಮೇಕೆಗಳ ಹಿಂದೆ ಹೊರಟಳು.