ಕಡಲಂಚಿನ ಕಾಲ್ನಡೆಯೂ ಸ್ವಭಾವೋಕ್ತಿಯೂ

ಮಹಾಕಾವ್ಯವೆಂದ ಮೇಲೆ ನಗರ, ಪರ್ವತ, ಋತು, ಚಂದ್ರೋದಯಗಳೊಡನೆ ಸಮುದ್ರವರ್ಣನೆಯೂ ಅದರಲ್ಲಿರತಕ್ಕದ್ದೆಂದು ದಂಡಿಯು ವಿಧಿಸಿದನು. ಆ ವಿಧಿಯನ್ನು ಶಿರಸಾ ವಹಿಸಿದ ಕವಿಗಳಲ್ಲಿ ಕಡಲನ್ನು ಕಣ್ಣಾರೆ ಕಂಡವರಾರು, ಲಕ್ಷಣಗ್ರಂಥವನ್ನು ಮಾತ್ರ ಕಂಡವರಾರು ಎಂದು ಬೇರ್ಪಡಿಸುವುದು ಸುಲಭವಲ್ಲ. ಇಂದು ಆ ತೊಡಕಿಲ್ಲ. ರೈಲು ಮೋಟಾರುಗಳ ಸೌಕರ್ಯದಿಂದ ಬಯಲುಸೀಮೆಯ ತರುಣರೂ ಗೋಕರ್ಣಕ್ಕೆ ಹೋಗಿ, ಬೆನ್ನಿಗೆ ಗಂಟು ಕಟ್ಟಿಕೊಂಡು, ಮರಳಿನ ಮೇಲೆಯೂ ಗುಡ್ಡದ ಮೇಲೆಯೂ ಕುಮಟೆ ಹೊನ್ನಾವರಗಳ ಕಡೆಗೆ ದಿನಗಟ್ಟಲೆ ನಡೆದು ಬರುತ್ತಾರೆ. ಬಂದವರಲ್ಲಿ ಕೆಲವರು ತಮ್ಮ ನಡಿಗೆಯ ವೃತ್ತಾಂತವನ್ನು ಬರೆದು ಪತ್ರಿಕೆಗಳಿಗೆ ಕಳುಹುತ್ತಾರೆ. ಇಂತಹ ಬರೆಹಗಳ ಗುಣದೋಷವಿವೇಚನೆಯೇ ಈ ಲೇಖನದ ಉದ್ದೇಶ.

ಕಡಲಿಗೆ ಬಹುದೂರದಲ್ಲಿರುವ ಕರೂರಿನಂತಹ ಊರಿನ ವಾಚಕರಿಗೆ ಇದರಿಂದೇನು ಪ್ರಯೋಜನವೆಂದು ಕೇಳಬಹುದು. ಸಿರುಗುಪ್ಪ ತಾಲೂಕಿನವರು ತುಂಗಭದ್ರೆಯನ್ನೂ ಹಗರಿಯನ್ನೂ ಬಲ್ಲರು. ಆದರೆ ಅವರು ಬಲ್ಲುದು ನದಿಯ ನಡುದಾರಿಯನ್ನು ಮಾತ್ರ. ಆ ನೀರು ಕೃಷ್ಣೆಯನ್ನು ಸೇರಿ ಮೂಡಣ ಕಡಲನ್ನು ಮುಟ್ಟುವ ಎಡೆಯನ್ನು ಕಂಡವರು ವಿರಳ. ಅಳಿವೆಯೆಂಬ ಮಾತೇ ಇಲ್ಲಿಯ ಕಿವಿಗೆ ಹೊಸದು. ಆದುದರಿಂದ ಕರಾವಳಿಯ ವರ್ಣನೆಗೆ ಇಲ್ಲಿಯ ವಾಚಕನಿಗಿಂತ ಒಳ್ಳೆಯ ಪರೀಕ್ಷಕನಿಲ್ಲ. ಕಂಡವನು ಓದುವಾಗ ಬರೆಹದ ಕೊರತೆಯನ್ನು ತನ್ನ ನೆನಪಿನಿಂದ ತುಂಬಿಕೊಳ್ಳುತ್ತಾನೆ. ಕಾಣದವನಿಗಾದರೋ ಬರೆಹದಲ್ಲಿರುವಷ್ಟೇ ಕಡಲು.

ನೋಟದಲ್ಲಿ ಎರಡು ಬಗೆಯುಂಟೆಂಬುದನ್ನು ಕಾಳಿದಾಸನ ರಘುವಂಶವೊಂದರಿಂದಲೇ ತಿಳಿಯಬಹುದು. ಹದಿಮೂರನೆಯ ಸರ್ಗದಲ್ಲಿ ರಾಮನು ಪುಷ್ಪಕವಿಮಾನದಿಂದ ಸೀತೆಗೆ ಕಡಲನ್ನು ತೋರಿಸುತ್ತಾನೆ. ಅಷ್ಟು ಎತ್ತರದಿಂದ ನೋಡಿದಾಗ ತೀರವು ಕಬ್ಬಿಣದ ಚಕ್ರದ ಅಂಚಿಗೆ ಹತ್ತಿದ ತೆಳುವಾದ ಕಲೆಯಂತೆ ಕಾಣುತ್ತದೆ. ವಿಮಾನವು ಮುಹೂರ್ತಮಾತ್ರದಲ್ಲಿ ಅಡಕೆಮರಗಳ ಸಾಲಿರುವ ದಡವನ್ನು ಮುಟ್ಟುತ್ತದೆ. ಅದೇ ಕಾವ್ಯದ ನಾಲ್ಕನೆಯ ಸರ್ಗದಲ್ಲಿ ರಘುವು ದಿಗ್ವಿಜಯಕ್ಕೆ ಹೊರಟು ಅಡಕೆಯ ಸಾಲುಗಳುಳ್ಳ ಕಡಲಂಚನ್ನೇ ಹಿಡಿದು ತೆಂಕಣಕ್ಕೆ ನಡೆಯುತ್ತಾನೆ. ಅಲ್ಲಿ ತೀರವು ರೇಖೆಯಲ್ಲ, ನೆಲ. ಮುಂದೆ ಪಡುವಣ ಸೀಮೆಯಲ್ಲಿ ಕೇದಗೆಯ ಧೂಳಿಯು ಗಾಳಿಯಲ್ಲಿ ಬಂದು ಯೋಧರ ಕವಚಗಳ ಮೇಲೆ ಕೂಡುತ್ತದೆ. ಪರಶುರಾಮನ ಅಸ್ತ್ರದಿಂದ ದೂರ ಸರಿದ ಕಡಲು, ತೀರವನ್ನೆಲ್ಲ ತುಂಬಿದ ಸೇನೆಯ ದೆಸೆಯಿಂದ, ಮತ್ತೆ ಸಹ್ಯಾದ್ರಿಗೆ ಅಂಟಿಕೊಂಡಂತಾಗುತ್ತದೆ. ಬೆಟ್ಟಕ್ಕೂ ಕಡಲಿಗೂ ನಡುವಣ ನೆಲ ಎಷ್ಟು ಕಿರಿದೆಂಬುದನ್ನು ಈ ಒಂದು ಕಲ್ಪನೆ ತಿಳಿಸುವಂತೆ ಭೂಪಟವೂ ತಿಳಿಸಲಾರದು. ಒಬ್ಬನೇ ಕವಿ, ಅಡಕೆಯ ತೀರವೆಂಬ ವರ್ಣನೆಯೂ ಒಂದೇ; ವಿಮಾನದ ನೋಟ ಬೇರೆ, ಕಾಲಿನ ನೋಟ ಬೇರೆ.

ಈಗಿನ ನಡಿಗೆಯ ಬರೆಹಗಳ ಮೊದಲನೆಯ ದೋಷವೇನೆಂದರೆ, ಬರೆಯುವವನು ಕಾಲಿನಿಂದ ನಡೆದು ವಿಮಾನದಿಂದ ವರ್ಣಿಸುತ್ತಾನೆ. ಗೋಕರ್ಣದ ತೆಂಕಣಕ್ಕೆ ಕುಡ್ಲೆಯಾದ ಮೇಲೆ ಬರುವ ತೀರಗಳಿಗೆ ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ಹೆಸರುಗಳು ಬಳಕೆಗೆ ಬಂದಿವೆ. ಓಂಕಾರದ ಆಕಾರವಾಗಲಿ ಅರ್ಧಚಂದ್ರದ ಬಾಗಾಗಲಿ ಗುಡ್ಡದ ನೆತ್ತಿಯಿಂದ ಕಾಣುವುದೇ ಹೊರತು ಮರಳಿನಲ್ಲಿ ಕಾಲೂರಿ ನಡೆಯುವವನಿಗೆ ಕಾಣತಕ್ಕದ್ದಲ್ಲ. ಅವನಿಗೆ ಕಾಣುವುದು ಒದ್ದೆ ಮರಳಿನ ಗಟ್ಟಿತನ, ಒಣಮರಳಿನಲ್ಲಿ ಹೂಳುವ ಹಿಮ್ಮಡಿ, ಬಂಡೆಗಳ ನಡುವೆ ನೀರು ಏರಿದಾಗ ಮುಚ್ಚಿಹೋಗುವ ದಾರಿ. ದಿನಕ್ಕೆರಡು ಸಲ ಕಡಲು ಏರಿ ಇಳಿಯುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿನಲ್ಲಿ ಉಬ್ಬರವು ಹೆಚ್ಚು. ನಮ್ಮ ಮನೆಗಳಲ್ಲಿ ಏಕಾದಶಿಗೆಂದು ನೋಡುವ ಪಂಚಾಂಗದ ತಿಥಿಯೇ ಅಲ್ಲಿ ನಡೆಯುವವನ ದಾರಿಯನ್ನು ತೆರೆಯುತ್ತದೆ, ಮುಚ್ಚುತ್ತದೆ. ಇಷ್ಟು ರಮ್ಯವಾದ ಸಂಗತಿಯನ್ನು ಬಿಟ್ಟು, ಪ್ರತಿ ತೀರದಲ್ಲಿಯೂ ಸೂರ್ಯಾಸ್ತವನ್ನೇ ವರ್ಣಿಸಿದರೆ ವಾಚಕನಿಗೆ ಒಂದು ತೀರಕ್ಕೂ ಇನ್ನೊಂದಕ್ಕೂ ಭೇದವೇ ತಿಳಿಯದು.

ಎರಡನೆಯದು, ಆಲಂಕಾರಿಕರು ಭಗ್ನಪ್ರಕ್ರಮವೆಂದು ಕರೆಯುವ ದೋಷವನ್ನು ಹೋಲುವುದು. ಎಂದರೆ ಹಿಡಿದ ಕ್ರಮವನ್ನು ನಡುವೆ ಮುರಿಯುವುದು. ಮಾಜಾಳಿಯಿಂದ ತಲಪಾಡಿಯವರೆಗೆ ಕರ್ನಾಟಕದ ಕಡಲಂಚು ಸುಮಾರು 320 ಕಿಲೋಮೀಟರು. ಅದು ಒಂದೇ ಎಳೆಯ ದಾರವಲ್ಲ. ಕಾರವಾರದಲ್ಲಿ ಕಾಳಿ, ಗೋಕರ್ಣದ ಬಡಗಣಕ್ಕೆ ಗಂಗಾವಳಿ, ತದಡಿಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಗಂಗೊಳ್ಳಿಯಲ್ಲಿ ಕೂಡುವ ಐದು ಹೊಳೆಗಳು, ಕೋಡಿಬೆಂಗ್ರೆಯಲ್ಲಿ ಸೀತಾ ಸುವರ್ಣೆಯರು, ಮಂಗಳೂರಿನಲ್ಲಿ ನೇತ್ರಾವತಿ ಗುರುಪುರ ನದಿಗಳು ಅದನ್ನು ಕಡಿದಿವೆ. ತದಡಿಯಲ್ಲಿ ನಿಂತವನಿಗೆ ಅಘನಾಶಿನಿಯೆಂಬ ಊರು ಎದುರಿಗೇ ಕಾಣುತ್ತದೆ. ಆದರೆ ದೋಣಿ ಬರುವವರೆಗೆ ಕಾಯಬೇಕು, ಇಲ್ಲವೆ ಮಿರ್ಜಾನಿನ ಮೇಲೆ ಬಹುದೂರ ಸುತ್ತಿಬರಬೇಕು. ಕೊಂಕಣ ರೈಲು ಶರಾವತಿಯನ್ನು ಎರಡು ಕಿಲೋಮೀಟರಿಗೂ ಮಿಕ್ಕ ಸೇತುವೆಯ ಮೇಲೆ ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ರೈಲಿನಲ್ಲಿ ಕುಳಿತವನಿಗೆ ಅಳಿವೆಯು ಕಿಟಕಿಯ ಚಿತ್ರ, ನಡೆಯುವವನಿಗೆ ಅದೊಂದು ಪ್ರಶ್ನೆ. ಅಷ್ಟು ಮುಖ್ಯವಾದ ಎಡೆಯನ್ನು ‘ದೋಣಿಯಲ್ಲಿ ದಾಟಿದೆವು’ ಎಂಬ ಒಂದು ಮಾತಿನಲ್ಲಿ ಮುಗಿಸಿದರೆ ಮಾಲೆಯಿಂದ ಪದಕವನ್ನೇ ಕಿತ್ತಂತಾಗುತ್ತದೆ.

ಮೂರನೆಯ ದೋಷವು ಇವೆರಡಕ್ಕಿಂತ ದೊಡ್ಡದು. ‘ನಿರ್ಜನ ತೀರ’ ಎಂಬ ಮಾತು ಈ ಬರೆಹಗಳಲ್ಲಿ ಪದೇ ಪದೇ ಬರುತ್ತದೆ. ಮರಳಿನ ಮೇಲೆ ಬಲೆ ಹರವಿರುತ್ತದೆ, ದೋಣಿ ಬೋರಲು ಬಿದ್ದಿರುತ್ತದೆ, ತೆಂಗಿನ ಸಾಲಿನ ಹಿಂದೆ ಮನೆಗಳಿರುತ್ತವೆ. ಆದರೂ ತೀರ ನಿರ್ಜನ! ಅಘನಾಶಿನಿಯ ಅಳಿವೆಯಲ್ಲಿ ನೀರಿಳಿದಾಗ ಗಂಡಸರೂ ಹೆಂಗಸರೂ ಕೆಸರಿನಲ್ಲಿಳಿದು ಬಳಚು ಆಯುತ್ತಾರೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗವೆಂಬ ಭತ್ತವನ್ನು ಮಳೆಗಾಲದಲ್ಲಿ ಬೆಳೆಯುತ್ತ ಬಂದಿದ್ದಾರೆ. ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನಾಗರಗಳಿವೆ. ಕಾಲುವೆಯ ಸಿಹಿನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪೆಯ ಒಕ್ಕಲಿಗನಿಗೆ ಉಪ್ಪುನೀರನ್ನು ತಾಳುವ ಭತ್ತವೊಂದುಂಟೆಂಬ ವಾರ್ತೆಯು ನೂರು ಸೂರ್ಯಾಸ್ತಗಳಿಗಿಂತ ಹೆಚ್ಚಿನ ವಿಸ್ಮಯವನ್ನುಂಟುಮಾಡೀತು. ಅದ್ಭುತರಸಕ್ಕೆ ಸಾಮಗ್ರಿ ಕಾಲ ಬಳಿಯಲ್ಲಿಯೇ ಇರಲು ದಿಗಂತವನ್ನೇಕೆ ಹುಡುಕಬೇಕು?

ಈ ದಾರಿಯನ್ನು ನೇರಾಗಿ ಕಂಡವರು ಹಿಂದೆ ಇರಲಿಲ್ಲವೆ? ಇದ್ದರು. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತನು, ಗೋವೆಯ ಕಡೆಯಿಂದ ಕೊಲ್ಲಮಿನವರೆಗೆ ಕಡಲಂಚಿನಲ್ಲಿ ಎರಡು ತಿಂಗಳ ದಾರಿಯೆಂದೂ, ದಾರಿಯುದ್ದಕ್ಕೂ ಮರದ ನೆರಳೆಂದೂ, ಅರ್ಧ ಮೈಲಿಗೊಂದರಂತೆ ಕುಳಿತುಕೊಳ್ಳಲು ಜಗಲಿಗಳುಳ್ಳ ಮರದ ಚಾವಡಿ, ಬಾವಿ, ನೀರು ಕೊಡುವ ಆಳು ಇದ್ದರೆಂದೂ ಬರೆದಿದ್ದಾನೆ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡುದಾಗಿ ಎಣಿಸಿ ಹೇಳಿದ್ದಾನೆ. ಇವನ ವೃತ್ತಾಂತದಲ್ಲಿ ಅತಿಶಯವಿದ್ದರೂ ಇರಲಿ. ಬಾವಿಯನ್ನೂ ಜಗಲಿಯನ್ನೂ ಶಾಲೆಯನ್ನೂ ಎಣಿಸಿದವನ ಕಣ್ಣು ಕೇವಲ ಅಲೆಗಳನ್ನು ಎಣಿಸಿದವನ ಕಣ್ಣಿಗಿಂತ ಮೇಲು. 1801ರಲ್ಲಿ ಇದೇ ಕರಾವಳಿಯನ್ನು ಹಾದು ಹೋದ ಬುಕಾನನನು ಮಣ್ಣಿನ ಬಗೆ, ಬೆಳೆ, ಗೇಣಿಗಳನ್ನು ಊರೂರಿಗೆ ಗುರುತುಮಾಡಿದನು. ಅವನಲ್ಲಿ ಸಂಗತಿಯುಂಟು, ರಸ ಕಡಮೆ. ಅವನು ಬಂದುದು ಕಂಪನಿ ಸರಕಾರದ ಕೆಲಸಕ್ಕೆ.

ಇವರಿಬ್ಬರೂ ಪರದೇಶದವರು. ನಮ್ಮವರ ಕಡಲದಾರಿಯ ಕಥೆಯು ಸ್ಥಳಪುರಾಣದಲ್ಲಿದೆ. ಗೋಕರ್ಣದಲ್ಲಿ ನೆಲಕ್ಕಂಟಿದ ಆತ್ಮಲಿಂಗವನ್ನು ಕೀಳಲಾರದೆ ರಾವಣನು ಕೋಪದಿಂದ ಅದರ ಸಂಪುಟವನ್ನೂ ಮುಚ್ಚಳವನ್ನೂ ದಾರವನ್ನೂ ವಸ್ತ್ರವನ್ನೂ ಬೇರೆ ಬೇರೆ ಕಡೆಗೆ ಎಸೆದನೆಂದೂ, ಅವು ಬಿದ್ದ ಎಡೆಗಳೇ ಕಾರವಾರದ ಸಜ್ಜೇಶ್ವರ, ಗುಣವಂತೆ, ಧಾರೇಶ್ವರ, ಮುರುಡೇಶ್ವರಗಳೆಂದೂ ಹೇಳುತ್ತಾರೆ. ಗೋಕರ್ಣದೊಡನೆ ಸೇರಿ ಇವು ಪಂಚಕ್ಷೇತ್ರ. ಕಥೆಯನ್ನು ನಂಬುವುದು ಬಿಡುವುದು ಅವರವರ ಭಾವಕ್ಕೆ ಬಿಟ್ಟುದು. ಅದರ ಬಂಧವನ್ನು ಮಾತ್ರ ಸಹೃದಯರು ನೋಡಬೇಕು: ನದಿಗಳಿಂದ ತುಂಡುತುಂಡಾದ ತೀರಕ್ಕೆ, ತುಂಡುತುಂಡಾಗಿ ಬಿದ್ದ ವಸ್ತುವಿನ ಕಥೆ. ಅಳಿವೆಯಿಂದ ಅಳಿವೆಗೆ ದಾಟಿ ಹೋಗುವ ಯಾತ್ರಿಕನು ಆ ತುಂಡುಗಳನ್ನು ತನ್ನ ನಡಿಗೆಯಿಂದ ಮತ್ತೆ ಜೋಡಿಸುತ್ತಾನೆ. ಇದಕ್ಕಿಂತ ಉಚಿತವಾದ ಪ್ರಬಂಧರಚನೆಯನ್ನು ಈಗಿನ ಬರೆಹಗಾರರು ಇನ್ನೆಲ್ಲಿ ಹುಡುಕುವರು?

ಅಳಿವೆಯು ರಸಸ್ಥಾನವೆಂಬುದಕ್ಕೆ ಆಧುನಿಕರ ಸಾಕ್ಷಿಯೂ ಉಂಟು. ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ, 1883ರ ಸುಮಾರಿಗೆ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನವರ ಮನೆಯಲ್ಲಿದ್ದರು. ಕಾಳಿನದಿಯಲ್ಲಿ ದೋಣಿಯ ವಿಹಾರ ಮುಗಿಸಿ, ನದೀಮುಖದಲ್ಲಿಳಿದು, ಬೆಳುದಿಂಗಳ ಇರುಳಿನಲ್ಲಿ ಮರಳಿನ ಮೇಲೆ ಮನೆಗೆ ನಡೆದು ಬಂದುದನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ಸ್ಮರಿಸಿದ್ದಾರೆ. ಕನ್ನಡದಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಪ್ರವಾಸಗ್ರಂಥವಲ್ಲ, ಕಾದಂಬರಿ. ಆದರೂ ಒಂದು ಕಡೆ ಕಡಲು ಇನ್ನೊಂದು ಕಡೆ ಹೊಳೆಯಿರುವ ನೆಲದಲ್ಲಿ ಮೂರು ತಲೆಮಾರಿನವರು ಬಾಳುವ ಬಗೆಯನ್ನು ಹೇಳುವಾಗ ಅವರು ಕಡಲನ್ನು ಅಲಂಕಾರಕ್ಕಾಗಿ ತಂದಿಲ್ಲ. ನಡಿಗೆಯ ವೃತ್ತಾಂತ ಬರೆಯುವವರು ಮೊದಲು ಓದಬೇಕಾದ ಪುಸ್ತಕವದು.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. ಬಾವಿ, ದೋಣಿ, ಭತ್ತಗಳ ವಿವರವು ಗೆಜೆಟಿಯರಿಗೆ ಸಲ್ಲತಕ್ಕದ್ದು. ಸಾಹಿತ್ಯಕ್ಕೆ ಬೇಕಾದುದು ಚಮತ್ಕಾರ. ವಸ್ತುವಿನ ಸ್ವಭಾವವು ಅಲಂಕರಿಸಲ್ಪಡತಕ್ಕದ್ದೇ ಹೊರತು ತಾನೇ ಅಲಂಕಾರವಾಗಲಾರದೆಂದು ಕುಂತಕನು ಹೇಳಲಿಲ್ಲವೆ? ಹೇಳಿದನು, ನಿಜ. ಆದರೆ ದಂಡಿಯು ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲೆಲ್ಲ ಮೊದಲಿಟ್ಟನು. ಕುಂತಕನೂ ಸ್ವಭಾವವನ್ನು ತೊರೆಯಲು ಹೇಳಿದವನಲ್ಲ. ಸ್ವಭಾವವೇ ಇಲ್ಲದಲ್ಲಿ ಅಲಂಕರಿಸುವುದಕ್ಕೆ ಏನೂ ಉಳಿಯದೆಂಬುದು ಅವನ ಮಾತಿನಿಂದಲೇ ಸಿದ್ಧಿಸುತ್ತದೆ. ಒಡಲಿಲ್ಲದೆ ಒಡವೆ ತೊಡಿಸಿದಂತಾಗಿರುವುದೇ ಈಗಿನ ಬರೆಹಗಳ ಕಷ್ಟ. ಇದಲ್ಲದೆ ನಡಿಗೆಗೆ ಸಹಜವಾದ ಗುಣವು ಕ್ರಮ: ಒಂದಾದ ಮೇಲೊಂದು, ಬಿಡದೆ, ದಣಿವಿನೊಡನೆ. ಆ ಕ್ರಮವನ್ನು ಕಾಪಾಡುವ ಗದ್ಯಕ್ಕೆ ಸ್ವಭಾವೋಕ್ತಿಯೇ ಉಚಿತ. ನರ್ಮದೆಯ ದಡದಲ್ಲಿ 1977ರಿಂದ ತುಂಡುತುಂಡಾಗಿ ನಡೆದು ಪರಿಕ್ರಮೆಯ ಗ್ರಂಥಗಳನ್ನು ಬರೆದ ಅಮೃತಲಾಲ ವೇಗಡರು ಈ ಬಗೆಯ ಗದ್ಯವು ಎಷ್ಟು ಸರಸವಾಗಬಲ್ಲುದೆಂಬುದನ್ನು ಹಿಂದೀ ಗುಜರಾತಿ ವಾಚಕರಿಗೆ ತೋರಿಸಿಕೊಟ್ಟರು.

ಇಷ್ಟೆಲ್ಲ ವಿಚಾರ ಮಾಡುವುದಕ್ಕೆ ಬರೆಹದ ಹೊರಗಿನ ಕಾರಣವೊಂದುಂಟು. ಇಂಗ್ಲೆಂಡಿನ ನೈಋತ್ಯ ತೀರದಲ್ಲಿ, ಕಳ್ಳಸಾಗಣೆಯನ್ನು ತಡೆಯಲು ಕಾವಲಿನವರು ತುಳಿದ ಜಾಡೇ 630 ಮೈಲಿಗಳ ಕಾಲುದಾರಿಯಾಗಿ ಉಳಿದಿದೆ. ವೇಲ್ಸ್ ದೇಶವು ತನ್ನ ತೀರದುದ್ದಕ್ಕೂ 870 ಮೈಲಿಗಳ ಕಾಲುದಾರಿಯನ್ನು 2012ರಲ್ಲಿ ತೆರೆಯಿತು. ಗುರುತುಗಂಬವುಳ್ಳ ದಾರಿಯು ಲೇಖಕನನ್ನು ಕಾಯುವುದಿಲ್ಲ. ನಮ್ಮ ಕರಾವಳಿಯ ಜಾಡಾದರೋ ಮೀನುಗಾರರ, ಯಾತ್ರಿಕರ, ಸಂತೆಗೆ ಹೋಗುವವರ ಕಾಲಿನಲ್ಲಿ ಮಾತ್ರ ಉಳಿದಿದೆ. ಕಾರವಾರದ ತೆಂಕಣಕ್ಕೆ ಅರ್ಗಾ, ಬಿಣಗಾ ಮೊದಲಾದೆಡೆಗಳ ಕಡಲಂಚು ನೌಕಾನೆಲೆಗೆ ಸೇರಿತು; 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ನೆಲೆಯು ಆರಂಭವಾಯಿತು. ದೇಶರಕ್ಷಣೆಗೆ ಅದು ಬೇಕಾದುದೇ. ಆದರೆ ಅಲ್ಲಿ ನಡೆದಾಡುತ್ತಿದ್ದವರ ದಾರಿಯು ಮುಚ್ಚಿತು, ಊರವರು ಬೇರೆಡೆಗೆ ಹೋದರು. ಇನ್ನು ಕೆಲವೆಡೆ ಕಡಲು ನೆಲವನ್ನು ಕೊರೆಯುತ್ತಿದೆ. ಅದನ್ನು ತಡೆಯಲು ಬಂಡೆಗಲ್ಲುಗಳನ್ನು ಸುರಿದಲ್ಲಿ ನಡೆಯಲು ಮರಳೇ ಇಲ್ಲ. ಸೇತುವೆಯಾದಲ್ಲಿ ದೋಣಿಗಾರನ ಕಸಬು ನಿಲ್ಲುತ್ತದೆ. ಹೀಗೆ ಅಳಿಯುತ್ತಿರುವ ದಾರಿಗೆ ಅದರಲ್ಲಿ ನಡೆದವನ ಬರೆಹವೇ ದಾಖಲೆ. ಅವನು ತೀರದ ಹೆಸರನ್ನು ಊರವರಿಂದ ಕೇಳಿ ಬರೆಯದೆ ಪ್ಯಾರಡೈಸ್ ಎಂದು ಬರೆದುಬಿಟ್ಟರೆ, ಕೇಳದೆ ಬಿಟ್ಟ ಹೆಸರು ಮುಂದಿನವರಿಗೆ ಸಿಕ್ಕುವ ಬಗೆಯಿಲ್ಲ.

2024ರ ಜನವರಿಯಲ್ಲಿ ರಾಮ್ಸಾರ್ ಒಪ್ಪಂದದ ಜೌಗುನೆಲಗಳ ಪಟ್ಟಿಗೆ ಕರ್ನಾಟಕದಿಂದ ಅಘನಾಶಿನಿಯ ಅಳಿವೆಯೂ ಅಂಕಸಮುದ್ರವೂ ಮಾಗಡಿಯ ಕೆರೆಯೂ ಒಟ್ಟಿಗೆ ಸೇರಿದವು. ಅಂಕಸಮುದ್ರವಿರುವುದು 2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ. ಕಡಲನ್ನು ಕಾಣದ ಈ ಸೀಮೆಯ ಹಿರಿಯರು ತಮ್ಮ ಕೆರೆಗಳನ್ನೇ ಸಮುದ್ರವೆಂದು ಕರೆದರು. ಹೆಸರಿಡುವುದರಲ್ಲಿ ಅವರಿಗೆ ಬಡತನವಿರಲಿಲ್ಲ. ಈ ಸೀಮೆಯಿಂದ ಕರಾವಳಿಗೆ ಹೋಗಿ ನಡೆದು ಬರುವ ತರುಣರು ಇನ್ನು ಮುಂದೆ ತಿಥಿಯನ್ನೂ ನೀರಿನ ಏರಿಳಿತವನ್ನೂ, ದೋಣಿಗಾಗಿ ಕಾದ ಹೊತ್ತನ್ನೂ, ಊರವರು ಹೇಳಿದ ತೀರದ ಹೆಸರನ್ನೂ ಅಂದಂದೇ ಗುರುತುಮಾಡಿಕೊಂಡು ಬರಲಿ. ಸೂರ್ಯಾಸ್ತವನ್ನು ಅವರು ಬರೆಯದಿದ್ದರೂ ಇಲ್ಲಿಯ ವಾಚಕರಿಗೆ ನಷ್ಟವಿಲ್ಲ. ಅದು ಕರೂರಿನ ಎರೆಹೊಲದಲ್ಲಿಯೂ ದಿನವೂ ಕಾಣುತ್ತದೆ.